94ನೇ ಮನೆಯ ಬೋರ್ಡು

ಪೈಥಾನ್ ಇರುವವರು ಒಂದು ನಿಮಿಷ ಟರ್ಮಿನಲ್ ತೆರೆಯಿರಿ. ಯೂನಿಕೋಡ್‌ಡೇಟಾ ಅನ್ನೋ ಮಾಡ್ಯೂಲ್ ಇಂಪೋರ್ಟ್ ಮಾಡಿ, 3294ನೇ ಅಕ್ಷರದ ಹೆಸರೇನು ಅಂತ ಕೇಳಿ. ‘ಕನ್ನಡ ಲೆಟರ್ ಎಫ್‌ಎ’ ಅಂತ ಉತ್ತರ ಬರ್ತದೆ. ಅಂದರೆ ಫ, ಕಾಫಿಯ ಫ. ಈಗ ಅದೇ ಅಕ್ಷರವನ್ನು ಪ್ರಿಂಟ್ ಮಾಡಿಸಿ ನೋಡಿ. ತೆರೆಯ ಮೇಲೆ ಬರೋದು ೞ.

ೞ ಫ ಅಲ್ಲ, ಫಕಾರದ ದೂರದ ನೆಂಟನೂ ಅಲ್ಲ. ಅದು ಹಳಗನ್ನಡದ ಅಕ್ಷರ. ತಮಿಳರ ‘ತಮಿೞ್’ ಕೊನೆಯಲ್ಲಿ, ಕೇರಳದ ಕೋೞಿಕ್ಕೋಡಿನ ನಡುವೆ ಇವತ್ತಿಗೂ ಜೀವಂತ ಇರುವ ಧ್ವನಿ; ಇಂಗ್ಲಿಷಿನಲ್ಲಿ ಜಡ್-ಎಚ್ ಅಂತ ಬರೆದು ಎಲ್ಲರನ್ನೂ ಗೊಂದಲಕ್ಕೆ ಹಾಕುವ ಧ್ವನಿ. ನಮ್ಮಲ್ಲೂ ಇತ್ತು. ಏಳು ಆಗ ಏೞು, ಮಳೆ ಮೞೆ, ಕೋಳಿ ಕೋೞಿ, ಬಾಳೆ ಬಾೞೆ. ಆಮೇಲೆ ನಾಲಿಗೆ ಸೋಮಾರಿಯಾಯಿತೋ ಏನೋ, ೞ ಒಂದು ಕಡೆ ಳ ಆಯಿತು, ವ್ಯಂಜನದ ಮುಂದೆ ಬಂದ ಕಡೆ ರ ಆಗಿ, ಕೊನೆಗೆ ಅದೂ ಕರಗಿತು. ‘ಬೀಳು’ ಅನ್ನೋ ಕ್ರಿಯಾಪದ ‘ಬಿದ್ದು’ ಯಾಕೆ ಆಗ್ತದೆ, ‘ಏಳು’ ‘ಎದ್ದು’ ಯಾಕೆ ಆಗ್ತದೆ ಅಂತ ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ. ಉತ್ತರ ಇಲ್ಲಿದೆ: ಬಿೞ್ದು, ಬಿರ್ದು, ಬಿದ್ದು. ಎೞ್ದು, ಎರ್ದು, ಎದ್ದು. ನಮ್ಮ ಕಡೆ ಯಾರಾದರೂ ‘ಮಳಿ ಬಿದ್ದದ’ ಅಂದಾಗ ಒಂದೇ ಮಾತಿನಲ್ಲಿ ಎರಡು ೞ ಅಡಗಿ ಕೂತಿರ್ತವೆ.

13ನೇ ಶತಮಾನದ ಹೊತ್ತಿಗೆ ಓದುಬರಹ ಬಲ್ಲವರಿಗೂ ಯಾವ ಪದದಲ್ಲಿ ೞ, ಯಾವುದರಲ್ಲಿ ಳ ಅನ್ನೋದು ಕಷ್ಟ ಆಗಿತ್ತು. ಆಗ ವೈಯಾಕರಣ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಒಂದು ಕೆಲಸ ಮಾಡಿದ. ೞಕ್ಕೆ ‘ರಳ’ ಅಂತ ಹೆಸರು, ಕನ್ನಡದ ಳಕ್ಕೆ ‘ಕುಳ’, ಸಂಸ್ಕೃತದ ಲಕಾರದಿಂದ ಬಂದ ಳಕ್ಕೆ ‘ಕ್ಷಳ’. ಹೆಸರಿಟ್ಟು ಬಿಡಲಿಲ್ಲ, ರಳ ಇರುವ ಪದಗಳ ಪಟ್ಟಿಯನ್ನೇ ಕೊಟ್ಟ. ಜನರ ಉಚ್ಚಾರಣೆಯನ್ನು ಹಿಂದಕ್ಕೆ ತಿರುಗಿಸಲು ಅವನಿಂದ ಆಗ್ತಿರಲಿಲ್ಲ, ಆಗಲೂ ಇಲ್ಲ. ಆದರೆ ಪಂಪನನ್ನು ಓದುವವನು ಎಡವದ ಹಾಗೆ ಒಂದು ಪಟ್ಟಿ ಬರೆದಿಡಬಹುದಿತ್ತು. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಅದು ಡಾಕ್ಯುಮೆಂಟೇಶನ್ನು.

ಇಂಥ ಅಕ್ಷರಕ್ಕೆ ಫ ಅಂತ ಹೆಸರು ಬಂದದ್ದು ಹೇಗೆ? ಯೂನಿಕೋಡಿನಲ್ಲಿ ಭಾರತದ ಮುಖ್ಯ ಲಿಪಿಗಳಿಗೆ ತಲಾ 128 ಮನೆಗಳ ಒಂದೊಂದು ಓಣಿ ಕೊಟ್ಟಿದ್ದಾರೆ. ನಮ್ಮ ದೇಶದ್ದೇ ಆದ ಇಸ್ಕಿ ಸಂಕೇತದ ಜೋಡಣೆಯನ್ನು ಹಿಡಿದು ಮಾಡಿದ ಓಣಿಗಳಿವು, ಹಾಗಾಗಿ ಮನೆ ನಂಬರುಗಳು ಒಂದಕ್ಕೊಂದು ಹೊಂದುತ್ತವೆ. ಸೊನ್ನೆಯಿಂದ ಎಣಿಸಿದರೆ ದೇವನಾಗರಿಯ 52ನೇ ಮನೆಯಲ್ಲಿ ೞ, ತಮಿಳಿನ 52ರಲ್ಲಿ ೞ, ಮಲಯಾಳದ 52ರಲ್ಲೂ ೞ. ದೇವನಾಗರಿಯ 94ನೇ ಮನೆ ಚುಕ್ಕೆ ಇರುವ ಫ಼ದ್ದು. ಕನ್ನಡದಲ್ಲಿ ಏನಾಯಿತೋ, ೞ 52ಕ್ಕೆ ಹೋಗದೆ 94ಕ್ಕೆ ಬಂದು ಕೂತಿತು. ಆ ನಂಬರಿಗೆ ದೇವನಾಗರಿಯಲ್ಲಿದ್ದ ಬೋರ್ಡೇ ಇದಕ್ಕೂ ಬಿತ್ತು ಅಂತ ಕಾಣ್ತದೆ. ಒಳಗೆ ಚಿತ್ರ ಸರಿ, ಹೊರಗೆ ಹೆಸರು ತಪ್ಪು. 1993ರ ಯೂನಿಕೋಡ್ 1.1ರ ಹೊತ್ತಿಗೇ ಇದು ಹೀಗಿತ್ತು.

ಬೀದರ್ ಜಿಲ್ಲೆಯವನಿಗೆ ಇದು ಸ್ವಲ್ಪ ತಮಾಷೆಯಾಗಿಯೂ ಕಾಣ್ತದೆ. ಕನ್ನಡದಲ್ಲಿ ನಿಜವಾದ ಫ಼ ಯಾರಿಗಾದರೂ ದಿನಬಳಕೆಗೆ ಬೇಕಾಗಿದ್ದರೆ ಅದು ನಮಗೇ. ದಫ಼್ತರ, ತಾರೀಫ಼ು, ಮಾಫ಼ಿ, ಸಾಫ಼್, ಬರಫ಼್... ನಿಜಾಮನ ಉರ್ದು ನಮ್ಮ ಬಾಯಲ್ಲಿ ಬಿಟ್ಟು ಹೋದದ್ದು. ಅದನ್ನು ಸರಿಯಾಗಿ ಬರೆಯಲು ಬೇಕಾದ ಕೆಳಗಿನ ಚುಕ್ಕೆ, ನುಕ್ತಾ, ಕನ್ನಡದ ಓಣಿಗೆ ಬಂದದ್ದು 2003ರ ಯೂನಿಕೋಡ್ 4.0ರಲ್ಲಿ. ಅಂದರೆ ಹತ್ತು ವರ್ಷ ಕನ್ನಡಕ್ಕೆ ಫ಼ ಅನ್ನೋ ಬೋರ್ಡು ಇತ್ತು, ಫ಼ ಇರಲಿಲ್ಲ.

ತಮಾಷೆ ಬದಿಗಿರಲಿ, ಮನೆ ಬದಲಾದದ್ದಕ್ಕೆ ಲೆಕ್ಕ ತೆರಬೇಕಾದವರು ಕೋಡ್ ಬರೆಯುವವರು. ಕನ್ನಡ ವ್ಯಂಜನಗಳನ್ನು ಹಿಡಿಯಲು ನಾವು ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ‘ಕ-ಹ’ ಅಂತ ರೇಂಜ್ ಬರೆದು ಮುಂದೆ ಹೋಗ್ತೀವಿ. ಆ ರೇಂಜಿನಲ್ಲಿ 52ನೇ ಮನೆ ಇದೆ, 94 ಇಲ್ಲ. ಹೊಸಗನ್ನಡಕ್ಕೆ ಏನೂ ತೊಂದರೆ ಆಗೋದಿಲ್ಲ, ಟೆಸ್ಟುಗಳೆಲ್ಲ ಪಾಸ್. ಅದೇ ಕೋಡಿಗೆ ಒಂದು ಶಾಸನವನ್ನೋ ಹಳಗನ್ನಡ ಕಾವ್ಯವನ್ನೋ ಕೊಟ್ಟರೆ ‘ಬಾೞೆ’ ಎರಡು ತುಂಡಾಗಿ ಬೀಳ್ತದೆ, ಎರರ್ ಮೆಸೇಜೂ ಇರೋದಿಲ್ಲ. ಬರೀ ಸಂಕೇತದ ನಂಬರ್ ನೋಡಿ ಅಕಾರಾದಿ ಜೋಡಿಸಿದರೆ ೞ ಇರುವ ಪದಗಳು ಹಕಾರವನ್ನೂ ದಾಟಿ ಕೊನೆಗೆ ಹೋಗಿ ನಿಲ್ತವೆ.

ತಪ್ಪು ಅಂತ ಗೊತ್ತಾದ ಮೇಲೆ ತಿದ್ದಬಹುದಿತ್ತಲ್ಲ? ತಿದ್ದುವ ಹಾಗಿಲ್ಲ. 1996ರ ಆವೃತ್ತಿ 2.0ರಿಂದ ಯೂನಿಕೋಡ್ ಒಂದು ನಿಯಮ ಹಾಕಿಕೊಂಡಿದೆ: ಒಮ್ಮೆ ಕೊಟ್ಟ ಹೆಸರು ಮತ್ತೆ ಬದಲಾಗೋದಿಲ್ಲ, ಎಷ್ಟೇ ತಪ್ಪಿದ್ದರೂ. ಮೊದಲ ಸಲ ಕೇಳಿದಾಗ ಇದು ಸರ್ಕಾರಿ ಕಚೇರಿಯ ಮಾತಿನ ಹಾಗೆ ಕೇಳಿಸ್ತದೆ. ಆದರೆ ಆ ಹೆಸರನ್ನು ನಂಬಿ ಎಲ್ಲೋ ಯಾರೋ ಬರೆದ ಪ್ರೋಗ್ರಾಮ್ ಓಡ್ತಾ ಇರ್ತದೆ. ನೀವು ಹೆಸರು ತಿದ್ದಿದ ದಿನ ಅದು ನಿಲ್ತದೆ. ವೆಬ್ ಡೆವಲಪರುಗಳಿಗೆ ‘ರೆಫರರ್’ ಹೆಡರ್ ಗೊತ್ತೇ ಇದೆ. ಇಂಗ್ಲಿಷಿನಲ್ಲಿ ನಡುವೆ ಎರಡು ಆರ್ ಬರಬೇಕಾದ ಪದ, 1996ರ ಎಚ್‌ಟಿಟಿಪಿ 1.0 ದಾಖಲೆಯಲ್ಲಿ ಒಂದೇ ಆರ್ ಇಟ್ಟುಕೊಂಡು ಬಂತು. ಇವತ್ತಿಗೂ ಜಗತ್ತಿನ ಬ್ರೌಸರುಗಳು ಆ ತಪ್ಪು ಸ್ಪೆಲಿಂಗನ್ನೇ ಕಳಿಸ್ತಾ ಇವೆ. ಯೂನಿಕೋಡಿನಲ್ಲೇ ಒಂದು ಆವರಣ ಚಿಹ್ನೆಯ ಹೆಸರಿನಲ್ಲಿ ‘ಬ್ರ್ಯಾಕೆಟ್’ ಪದದ ಕೆ ಮತ್ತು ಸಿ ಅದಲುಬದಲಾಗಿವೆ. ಅದೂ ಶಾಶ್ವತ.

ಕೋಡಿನಲ್ಲಿ ತಿದ್ದಲಾಗದ ತಪ್ಪಿಗೆ ಉಳಿಯೋದು ಒಂದೇ ಜಾಗ: ಅದರ ಪಕ್ಕದಲ್ಲಿ ಬರೆಯುವ ಟಿಪ್ಪಣಿ. 2006ರ ಯೂನಿಕೋಡ್ 5.0ರ ಜೊತೆ ಒಂದು ಪುಟ್ಟ ಪಠ್ಯ ಕಡತ ಬಂತು. ಹೆಸರು ಕೆಟ್ಟುಹೋದ ಅಕ್ಷರಗಳ ಸರಿಯಾದ ಹೆಸರುಗಳ ಪಟ್ಟಿ. ಇಡೀ ಜಗತ್ತಿನ ಲಿಪಿಗಳನ್ನೆಲ್ಲ ಸೇರಿಸಿದರೂ ಆಗ ಅದರಲ್ಲಿ ಇದ್ದದ್ದು ಹತ್ತು ಹನ್ನೊಂದು ಸಾಲು ಅಷ್ಟೇ. ಅದರಲ್ಲೊಂದು ಸಾಲು ನಮ್ಮದು: ‘ಕನ್ನಡ ಲೆಟರ್ ಎಲ್‌ಎಲ್‌ಎಲ್‌ಎ’. ಮೂರು ಎಲ್ ಒಂದು ಎ, ಅಂದರೆ ೞ.

ಹೊರಗಿನ ಬೋರ್ಡು ಒಂದು, ಒಳಗಿನ ಪಾಠ ಇನ್ನೊಂದು ಅನ್ನೋದು ಭಾತಂಬ್ರಾದವರಿಗೆ ಹೊಸದಲ್ಲ. ನಮ್ಮ ತಾಲೂಕು ಊರು ಭಾಲ್ಕಿ. ನಿಜಾಮನ ಕಾಲದಲ್ಲಿ ಅಲ್ಲಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಆ ಕಥೆ ಕೇಳದೆ ಬೆಳೆದವರು ನಮ್ಮ ಕಡೆ ಕಡಿಮೆ. ಬೋರ್ಡು ತೆಗೆಯುವ ಅಧಿಕಾರ ಅವರ ಕೈಯಲ್ಲಿರಲಿಲ್ಲ. ಒಳಗೆ ಏನು ನಡೀತದೆ ಅನ್ನೋದು ಊರಿಗೆ ಗೊತ್ತಿತ್ತು, ಗೊತ್ತಿರಬೇಕಾದವರಿಗೆ ಗೊತ್ತಿದ್ದರೆ ಸಾಕಿತ್ತು. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯೋದಿಲ್ಲ. ಅವರು ಎದುರಿಸಿದ್ದು ಒಂದು ರಾಜ್ಯವನ್ನು, ನಾವಿಲ್ಲಿ ಮಾತಾಡ್ತಿರೋದು ಒಂದು ಪಠ್ಯ ಕಡತದ ಬಗ್ಗೆ.

ಯೂನಿಕೋಡ್ ಟಿಪ್ಪಣಿ ಬರೆದ ಮಾತ್ರಕ್ಕೆ ಪ್ರೋಗ್ರಾಮಿಂಗ್ ಭಾಷೆಗಳು ಓದಿಬಿಡ್ತವೆ ಅಂತೇನಿಲ್ಲ. ಪೈಥಾನ್ ಯೂನಿಕೋಡ್ ಕಲಿತದ್ದು 2000ದ ಅಕ್ಟೋಬರಿನಲ್ಲಿ ಬಂದ 2.0ರಿಂದ. ಟಿಪ್ಪಣಿಯ ಕಡತ 2006ರಲ್ಲೇ ಬಂದರೂ ಪೈಥಾನಿಗೆ ಅದರ ಗೊಡವೆಯೇ ಇರಲಿಲ್ಲ; ಸರಿಯಾದ ಹೆಸರು ಹೇಳಿದರೆ ‘ಅಂಥ ಅಕ್ಷರ ಇಲ್ಲ’ ಅಂತಿತ್ತು, ತಪ್ಪು ಹೆಸರು ಹೇಳಿದರೆ ೞ ಕೊಡ್ತಿತ್ತು. 2011ರಲ್ಲಿ ಟಾಮ್ ಕ್ರಿಸ್ಟಿಯನ್ಸನ್ ಇದನ್ನು ತಪ್ಪು ಅಂತ ದಾಖಲಿಸಿದರು. ಅವರು ಪರ್ಲ್ ಭಾಷೆಯ ಕಡೆಯವರು, ಅಂದರೆ ಎದುರು ಓಣಿಯವರು. ಸಂಖ್ಯೆ 12753. ಎಜಿಯೊ ಮೆಲೊಟ್ಟಿ ಅದನ್ನು ಸರಿಪಡಿಸಿದರು. 2012ರ ಸೆಪ್ಟೆಂಬರಿನಲ್ಲಿ ಬಂದ ಪೈಥಾನ್ 3.3ರಿಂದ ಎರಡೂ ಹೆಸರಿಗೆ ೞ ಸಿಗ್ತದೆ. ಮಾಡ್ಯೂಲಿನ ದಾಖಲೆಯಲ್ಲಿ ಒಂದೇ ಒಂದು ಸಾಲು ಸೇರಿತು: ಆವೃತ್ತಿ 3.3ರಲ್ಲಿ ಬದಲಾವಣೆ, ಪರ್ಯಾಯ ಹೆಸರುಗಳಿಗೆ ಬೆಂಬಲ ಬಂದಿದೆ. ಅದರಲ್ಲಿ ಕನ್ನಡದ ಹೆಸರಿಲ್ಲ. ಆದರೆ ಹಳಗನ್ನಡ ಪಠ್ಯದ ಮೇಲೆ ಕೆಲಸ ಮಾಡುವವನಿಗೆ ಆ ಸಾಲು ಸಿಕ್ಕರೆ ಒಂದು ಮಧ್ಯಾಹ್ನ ಉಳೀತದೆ. ಕೋಡ್ ಸರಿಯಾಗಿ ಸಾಲು ಬರೆಯದೇ ಬಿಟ್ಟಿದ್ದರೆ, ತಿದ್ದುಪಡಿ ಆಗಿದೆ ಅಂತ ಯಾರಿಗೆ ಗೊತ್ತಾಗಬೇಕು?

ತಪ್ಪನ್ನು ದಾಖಲೆಯಲ್ಲಿ ಬರೆದಿಡುವ ಪದ್ಧತಿ ನಮ್ಮ ವೃತ್ತಿಯಲ್ಲಿ ಹಳೆಯದು. 1971ರ ನವೆಂಬರ್ 3ರ ತಾರೀಕು ಹೊತ್ತ ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯಲ್ಲೇ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಆಜ್ಞೆಗಳ ವಿವರಣೆಯ ಕೊನೆಗೆ ‘ಬಗ್ಸ್’ ಅಂತ ಒಂದು ಭಾಗ ಇಟ್ಟಿದ್ದರು. ನಮ್ಮ ಪ್ರೋಗ್ರಾಮ್ ಇಲ್ಲಿ ಎಡವುತ್ತದೆ ಅಂತ ಬರೆದವರೇ ಹೇಳುವ ಜಾಗ. ಡೊನಾಲ್ಡ್ ನೂತ್ ತಮ್ಮ ಪುಸ್ತಕದಲ್ಲಿ ಮೊದಲಿಗೆ ತಪ್ಪು ತೋರಿಸಿದವರಿಗೆ 2.56 ಡಾಲರಿನ ಚೆಕ್ ಕಳಿಸ್ತಿದ್ದರು. ಬಹಳ ಜನ ಅದನ್ನು ಬ್ಯಾಂಕಿಗೆ ಹಾಕದೆ ಫ್ರೇಮ್ ಹಾಕಿಸಿದರು. ಕನ್ನಡದಲ್ಲೇ ಕಿಟೆಲ್ ನಿಘಂಟು ನೋಡಿ. 1894ರಲ್ಲಿ ಮಂಗಳೂರಿನಿಂದ ಬಂತು. ಎಂ. ಮರಿಯಪ್ಪ ಭಟ್ಟರು ಅದನ್ನು ತಿದ್ದಿ, ಬೆಳೆಸಿ, ಮದ್ರಾಸ್ ವಿಶ್ವವಿದ್ಯಾಲಯದಿಂದ 4 ಸಂಪುಟಗಳಲ್ಲಿ ತಂದದ್ದು 1968ರಿಂದ 71ರ ನಡುವೆ. ಮುಕ್ಕಾಲು ಶತಮಾನದ ನಂತರದ ಪುಲ್ ರಿಕ್ವೆಸ್ಟ್. ಆದರೂ ನಾವು ‘ಕಿಟೆಲ್ ಕೋಶ’ ಅಂತಲೇ ಕರೀತೀವಿ, ಮರಿಯಪ್ಪ ಭಟ್ಟರ ಹೆಸರು ಎಷ್ಟು ಜನರಿಗೆ ಗೊತ್ತು?

ಪೈಥಾನ್ ಈ ವಿಷಯದಲ್ಲಿ ಸ್ವಲ್ಪ ಉದಾರಿ. ಮೊದಲು ಅದರ ದಾಖಲೆ ಲೇಟೆಕ್‌ನಲ್ಲಿ ಇತ್ತು. ಒಂದು ಅಲ್ಪವಿರಾಮ ತಿದ್ದಬೇಕೆಂದರೂ ಆ ಮಾರ್ಕಪ್ ಬರಬೇಕಿತ್ತು. 2007ರಲ್ಲಿ ಗೇಯೋರ್ಗ್ ಬ್ರಾಂಡ್ಲ್ ಎಲ್ಲವನ್ನೂ ಸರಳ ಪಠ್ಯದ ರೂಪಕ್ಕೆ ತಂದರು. ಅದಕ್ಕಾಗಿ ಬರೆದ ಸಲಕರಣೆಯೇ ಸ್ಫಿಂಕ್ಸ್, ಈಗ ನಮ್ಮ ಕಂಪನಿಗಳಲ್ಲೂ ಅರ್ಧ ದಾಖಲೆ ಅದರಲ್ಲೇ ಇರ್ತದೆ. 2017ರ ಫೆಬ್ರವರಿಯಲ್ಲಿ ಮೂಲ ಕೋಡೇ ಗಿಟ್‌ಹಬ್‌ಗೆ ಬಂತು. ಅಲ್ಲಿಂದ ಮುಂದೆ ಒಂದು ಅಕ್ಷರದೋಷ ತಿದ್ದಲು ಬೇಕಾದದ್ದು ಇಷ್ಟು: ಕಡತ ತೆರೆಯೋದು, ತಿದ್ದೋದು, ಕೊಡುಗೆದಾರರ ಒಪ್ಪಂದಕ್ಕೆ ಒಂದು ಸಲ ಸಹಿ ಹಾಕೋದು. ಸಣ್ಣ ತಿದ್ದುಪಡಿಗೆ ಮೊದಲು ದೂರು ದಾಖಲಿಸುವ ಅಗತ್ಯವೂ ಇಲ್ಲ. ಮೂಲದ ಜೊತೆಗೇ ‘ಆಕ್ಸ್’ ಅಂತ ಒಂದು ಕಡತ ಇದೆ, ಕೃತಜ್ಞತೆಯ ಪಟ್ಟಿ. ಕೋಡ್ ಕೊಟ್ಟವರಿಗಷ್ಟೇ ಅಲ್ಲ, ಸುಳಿವು ಕೊಟ್ಟವರಿಗೆ, ದೂರು ಹೇಳಿದವರಿಗೂ ಅದರಲ್ಲಿ ವಂದನೆ ಇದೆ. ಅಡ್ಡಹೆಸರಿನ ಅಕ್ಷರಾನುಕ್ರಮ, ಅದೂ ‘ಹೆಚ್ಚುಕಡಿಮೆ’. ಊರ ಹೆಸರನ್ನೇ ಅಡ್ಡಹೆಸರು ಮಾಡಿಕೊಳ್ಳುವ ನಮ್ಮ ಬೀದರಿನವರಿಗೆ ಇದು ಅನುಕೂಲ, ಊರೂ ಜೊತೆಗೆ ದಾಖಲಾಗ್ತದೆ.

ಇಷ್ಟು ಸುಲಭ ಮಾಡಿದ್ದಕ್ಕೆ ಒಂದು ಬೆಲೆಯೂ ಇತ್ತು. 2020ರ ಅಕ್ಟೋಬರಿನ ಹ್ಯಾಕ್ಟೋಬರ್‌ಫೆಸ್ಟ್ ನೆನಪಿರಬಹುದು: ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದರೆ ಟೀ ಶರ್ಟ್. ರೀಡ್‌ಮಿ ಕಡತದಲ್ಲಿ ‘ಅದ್ಭುತ ಪ್ರಾಜೆಕ್ಟ್’ ಅಂತ ಒಂದು ಪದ ಸೇರಿಸಿ ಕಳಿಸಿದವರು ಸಾವಿರಾರು. ಹಾಗೆ ಮಾಡೋದು ಹೇಗೆ ಅಂತ ತೋರಿಸುವ ವಿಡಿಯೊ ನೋಡಿದ ನಮ್ಮ ದೇಶದ ವಿದ್ಯಾರ್ಥಿಗಳು ಅದರಲ್ಲಿ ಬಹಳ. ಆಯೋಜಕರಾದ ಡಿಜಿಟಲ್ ಓಶನ್ ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಿಸಬೇಕಾಯಿತು: ಪ್ರಾಜೆಕ್ಟಿನವರು ಒಪ್ಪಿದರೆ ಮಾತ್ರ ಲೆಕ್ಕಕ್ಕೆ. ಆ ಹುಡುಗರನ್ನು ಬೈಯೋದು ಸುಲಭ. ರೆಸ್ಯೂಮೆಯಲ್ಲಿ ‘ಓಪನ್ ಸೋರ್ಸ್’ ಅನ್ನೋ ಎರಡು ಪದ ಇಲ್ಲದಿದ್ದರೆ ಸಣ್ಣ ಊರಿನ ಕಾಲೇಜಿನವನ ಕಡೆ ಯಾರೂ ತಿರುಗಿ ನೋಡೋದಿಲ್ಲ ಅನ್ನೋದೂ ನಿಜ. ನನಗೆ ಸಿಟ್ಟು ಬರೋದು ಬೇರೆ ಕಾರಣಕ್ಕೆ. ಅದಾದ ಮೇಲೆ ಸಣ್ಣ ತಿದ್ದುಪಡಿ ಅಂದರೆ ಟೀ ಶರ್ಟಿನ ಗಿರಾಕಿ ಅನ್ನೋ ನೋಟ ಬಂತು, ಅದರಲ್ಲೂ ಭಾರತದ ಹೆಸರಿದ್ದರೆ. ಓದುವಾಗ ಎಲ್ಲೋ ಎಡವಿ, ಹಿಂದಿನವರು ಎಡವದಿರಲಿ ಅಂತ ಬರೆದ ಸಾಲಿಗೂ, ಏನನ್ನೂ ಓದದೆ ಸೇರಿಸಿದ ಪದಕ್ಕೂ ಉದ್ದ ಒಂದೇ ಇರಬಹುದು. ಪರಿಶೀಲಿಸುವವನು ಅದನ್ನು ಒಂದು ನಿಮಿಷದಲ್ಲಿ ಬೇರೆ ಮಾಡಬೇಕು, ಅವನೂ ಹೆಚ್ಚಾಗಿ ಸಂಬಳ ಇಲ್ಲದವನು.

ೞದ ವಿಷಯದಲ್ಲಿ ಕೊನೆಗೆ ಆದದ್ದಿಷ್ಟು. ಜಹೀರಾಬಾದ್ ದಾಟಿದರೆ ಸಿಗುವ ತೆಲುಗಿನ ಓಣಿಗೆ ಅದೇ ಅಕ್ಷರ 2014ರ ಯೂನಿಕೋಡ್ 7.0ರಲ್ಲಿ ಬಂತು. ಸರಿಯಾದ ಹೆಸರಿನಲ್ಲಿ, 52ನೇ ಮನೆಗೇ. ಕನ್ನಡದ 52 ಇವತ್ತಿಗೂ ಖಾಲಿ ಇದೆ. 2021ರಲ್ಲಿ 14.0 ಬಂದಾಗ ಹಳೆಯ ಬರಹದ ‘ನಕಾರ ಪೊಲ್ಲು’ ಅನ್ನೋ ಅಕ್ಷರಕ್ಕೂ ನಮ್ಮ ಓಣಿಯಲ್ಲಿ ಜಾಗ ಸಿಕ್ಕಿತು, ೞದ ಮಗ್ಗುಲಿಗೆ, 93ನೇ ಮನೆ. ಅದರ ಬೋರ್ಡು ಸರಿಯಾಗಿದೆ.