12345654321: ರಾಷ್ಟ್ರಕೂಟರ ಕಾಲದ ಅಂಕೆಹಾರ

ಒಂದರಿಂದ ಆರರವರೆಗೆ ಏರಿ, ಬಂದ ದಾರಿಯಲ್ಲೇ ಒಂದಕ್ಕೆ ಇಳಿಯುವ ಹನ್ನೊಂದು ಅಂಕೆಗಳ ಪೂರ್ಣಾಂಕ ಇದು. ಬಾಯಲ್ಲಿ ಹೇಳಿದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಎಡದಿಂದ ಓದಿದರೂ ಬಲದಿಂದ ಓದಿದರೂ ಬದಲಾಗದ, ಕವಿಗಳ ಗತಪ್ರತ್ಯಾಗತದಂಥ ರಚನೆ.

ಕನ್ನಡ ನಾಡಿಗೂ ಈ ಸಂಖ್ಯೆಗೂ ಹಳೆಯ ನಂಟು. ಜೈನ ಗಣಿತಜ್ಞ ಮಹಾವೀರಾಚಾರ್ಯ ಸು. 850ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದ ಗುಣಾಕಾರದ ಲೆಕ್ಕಗಳಲ್ಲಿ ಇದು ಬರುತ್ತದೆ. ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಈತ ಗ್ರಂಥದ ಆರಂಭದಲ್ಲೇ ಹೊಗಳಿದ್ದಾನೆ. ದೊಡ್ಡ ಸಂಖ್ಯೆಗಳ ಬಗ್ಗೆ ಮಹಾವೀರನಿಗೆ ಅಳುಕಿರಲಿಲ್ಲ: ‘ಏಕ’ದಿಂದ ‘ಮಹಾಕ್ಷೋಭ’ದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ.

ಲೆಕ್ಕ ಇಷ್ಟೇ: 27994681 × 441. ನೋಡಲು ಒಡ್ಡೊಡ್ಡಾದ ಎರಡು ಸಂಖ್ಯೆಗಳು. ಉತ್ತರ ಮಾತ್ರ ಪೋಣಿಸಿಟ್ಟ ಹಾರ. ಇಂಥ ಉತ್ತರಗಳನ್ನು ಮಹಾವೀರ ಅರಸರ ಕೊರಳ ಆಭರಣಕ್ಕೆ ಹೋಲಿಸುತ್ತಾನೆ. 139 × 109 = 15151, 152207 × 73 = 11111111, 142857143 × 7 = 1000000001 ಇವೂ ಅದೇ ಸಾಲಿನವು. ಗುಣಾಕಾರ ಕಲಿಯುವವನಿಗೆ ಉತ್ತರ ಸರಿ ಬಂದಿತೆಂದು ನೋಡಿದ ಕೂಡಲೇ ತಿಳಿಯಬೇಕಾದರೆ ಇದಕ್ಕಿಂತ ಜಾಣ ಉಪಾಯ ಸಿಗುವುದು ಕಷ್ಟ.

ಹಾರದ ದಾರ ಇರುವುದು ವರ್ಗಗಳಲ್ಲಿ. 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21 × 5291 = 111111. ಹಾಗಾಗಿ ಗುಣಲಬ್ಧ 111111ರ ವರ್ಗವೇ ಆಗಬೇಕು. ಕಾಗದದ ಮೇಲೆ 111111ನ್ನು ಅದರಿಂದಲೇ ಗುಣಿಸಿ ನೋಡಿ: ಆರು ಒಂದುಗಳ ಆರು ಸಾಲು, ಪ್ರತಿ ಸಾಲೂ ಮೇಲಿನದಕ್ಕಿಂತ ಒಂದು ಮನೆ ಎಡಕ್ಕೆ. ಕಂಬಸಾಲುಗಳನ್ನು ಕೂಡಿದರೆ 1, 2, 3 ಎಂದು ಏರಿ ನಡುವೆ 6 ಮುಟ್ಟಿ ಇಳಿಯುತ್ತದೆ. ಎಲ್ಲೂ ದಶಕ ಮುಂದಕ್ಕೆ ಹೋಗುವುದಿಲ್ಲ, ಚೆಲುವೆಲ್ಲ ಅದರಿಂದಲೇ. ಅಂಕೆಗಳ ಮೊತ್ತ 36, ಅದೂ 6ರ ವರ್ಗ. ಒಂಬತ್ತು ಒಂದುಗಳವರೆಗೆ ಈ ಆಟ ನಡೆಯುತ್ತದೆ: 12345678987654321. ಹತ್ತನೆಯ ಒಂದು ಸೇರಿತೋ, ನಡುವಿನ ಕಂಬಸಾಲಿನ ಮೊತ್ತ 10 ಆಗಿ ದಶಕ ಉಕ್ಕುತ್ತದೆ. ಉತ್ತರ 1234567900987654321, ಹಾರ ಹರಿದಂತೆಯೇ.

111111ರ ಅವಿಭಾಜ್ಯ ಅಪವರ್ತನಗಳು 3, 7, 11, 13, 37. ವರ್ಗದಲ್ಲಿ ಪ್ರತಿಯೊಂದೂ ಎರಡೆರಡು ಸಲ ಬರುವುದರಿಂದ ನಮ್ಮ ಸಂಖ್ಯೆಗೆ 243 ಭಾಜಕಗಳಿವೆ. 3 ಮತ್ತು 7 ಒಂದು ಕಡೆ, 11, 13, 37 ಇನ್ನೊಂದು ಕಡೆ: ಮಹಾವೀರನ ಲೆಕ್ಕ ಒಡೆದಿರುವುದು ಹೀಗೆ.

ಗ್ರಂಥ 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನನಿಂದ ತೆಲುಗಿಗೆ ಹೋಯಿತು. 1912ರಲ್ಲಿ ಎಂ. ರಂಗಾಚಾರ್ಯರು ಮೂಲವನ್ನೂ ಇಂಗ್ಲಿಷ್ ಅನುವಾದವನ್ನೂ ಮದರಾಸಿನಲ್ಲಿ ಹೊರತಂದರು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾದದ್ದು 2000ದಲ್ಲಿ.