ಉಗಾಂಡದಲ್ಲಿ ಕ್ಯಾನ್ಸರ್

ಪೂರ್ವ ಆಫ್ರಿಕಾದ ಉಗಾಂಡವು ಕಡಿಮೆ ಆದಾಯದ ರಾಷ್ಟ್ರಗಳಲ್ಲಿ ಒಂದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಇಲ್ಲಿ ಸುಮಾರು 34 ಸಾವಿರ ಹೊಸ ರೋಗಿಗಳು ಕಂಡುಬಂದರು. ಅದೇ ವರ್ಷ ಸುಮಾರು 23 ಸಾವಿರ ಮಂದಿ ಈ ರೋಗದಿಂದ ಮೃತಪಟ್ಟರು. ಶ್ರೀಮಂತ ರಾಷ್ಟ್ರಗಳಿಗೆ ಹೋಲಿಸಿದರೆ ಜನಸಂಖ್ಯೆಗೆ ಅನುಗುಣವಾಗಿ ರೋಗಿಗಳ ಸಂಖ್ಯೆ ಕಡಿಮೆಯೇ. ಉಗಾಂಡದ ಜನರಲ್ಲಿ ಅರ್ಧಕ್ಕರ್ಧ ಮಂದಿ ಮಕ್ಕಳು ಮತ್ತು ಹದಿಹರೆಯದವರಾಗಿರುವುದು ಇದಕ್ಕೆ ಮುಖ್ಯ ಕಾರಣ. ಆದುದರಿಂದ ಇಲ್ಲಿ ಗಮನಿಸಬೇಕಾದುದು ರೋಗಿಗಳ ಸಂಖ್ಯೆಗಿಂತ ಹೆಚ್ಚಾಗಿ, ಅವರಲ್ಲಿ ಸಾಯುವವರ ಪ್ರಮಾಣವನ್ನು. ಬಹುಪಾಲು ರೋಗಿಗಳು ಆಸ್ಪತ್ರೆಯನ್ನು ತಲುಪುವಾಗ ರೋಗವು ಕೊನೆಯ ಹಂತಗಳನ್ನು ಮುಟ್ಟಿರುತ್ತದೆ.

ಬರ್ಕಿಟ್ ಅವರ ಶೋಧ

ಕ್ಯಾನ್ಸರ್ ಸಂಶೋಧನೆಯ ಚರಿತ್ರೆಯಲ್ಲಿ ಉಗಾಂಡಕ್ಕೆ ಅದರ ಗಾತ್ರಕ್ಕೆ ಮೀರಿದ ಸ್ಥಾನವಿದೆ. ರಾಜಧಾನಿ ಕಂಪಾಲಾದ ಮುಲಾಗೊ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾಗಿದ್ದ ಐರ್ಲೆಂಡಿನ ಡೆನಿಸ್ ಬರ್ಕಿಟ್ ಅವರು ಮಕ್ಕಳ ದವಡೆಯಲ್ಲಿ ಅತಿ ವೇಗವಾಗಿ ಬೆಳೆಯುವ ಗಡ್ಡೆಯೊಂದನ್ನು ಗುರುತಿಸಿ 1958ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. 1961ರಲ್ಲಿ ಇಬ್ಬರು ವೈದ್ಯ ಮಿತ್ರರೊಡನೆ ಕಾರಿನಲ್ಲಿ ಸುಮಾರು ಹತ್ತು ಸಾವಿರ ಮೈಲಿ ಸಂಚರಿಸಿ, ಈ ಗಡ್ಡೆ ಎಲ್ಲೆಲ್ಲಿ ಕಾಣಿಸುತ್ತದೆಂದು ನಕ್ಷೆ ತಯಾರಿಸಿದರು. ಸಮಭಾಜಕ ವೃತ್ತದ ಸಮೀಪದಲ್ಲಿ ಸುಮಾರು 5000 ಅಡಿಗಳಿಗಿಂತ ಎತ್ತರದ ಪ್ರದೇಶಗಳಲ್ಲಿ ಅದು ಬಹುಮಟ್ಟಿಗೆ ಇರಲಿಲ್ಲ. ಮಲೇರಿಯಾ ತೀವ್ರವಾಗಿರುವ ತಗ್ಗಿನ, ಬಿಸಿಯ, ಮಳೆಯ ನಾಡುಗಳೇ ಅದರ ನೆಲೆಯಾಗಿದ್ದವು. ಕಂಪಾಲಾದಿಂದ ವಿಮಾನದಲ್ಲಿ ಲಂಡನ್ನಿಗೆ ಹೋದ ಗಡ್ಡೆಯ ತುಣುಕುಗಳಲ್ಲಿ 1964ರಲ್ಲಿ ಎಪ್‌ಸ್ಟೀನ್-ಬಾರ್ ವೈರಾಣು ಪತ್ತೆಯಾಯಿತು. ಮನುಷ್ಯನಲ್ಲಿ ಕ್ಯಾನ್ಸರಿಗೆ ಸಂಬಂಧಿಸಿದಂತೆ ಕಂಡುಹಿಡಿಯಲಾದ ಮೊದಲ ವೈರಾಣು ಇದು. ಪ್ರಯೋಗಾಲಯಕ್ಕಿಂತ ಮೊದಲು ರಸ್ತೆಯ ಮೇಲೆ ನಡೆದ ಸಂಶೋಧನೆಯೆಂದು ಇದನ್ನು ಹೇಳಬಹುದು.

ಚಿಕಿತ್ಸೆಯ ವ್ಯವಸ್ಥೆ

ಈ ಗಡ್ಡೆಯ ಚಿಕಿತ್ಸೆಗೆಂದೇ 1967ರಲ್ಲಿ ಮುಲಾಗೊದಲ್ಲಿ ಆರಂಭವಾದ ಕೇಂದ್ರವು ಮುಂದೆ ಉಗಾಂಡ ಕ್ಯಾನ್ಸರ್ ಸಂಸ್ಥೆಯಾಗಿ ಬೆಳೆಯಿತು. ಇದಿ ಅಮೀನನ ಆಳ್ವಿಕೆಯಲ್ಲಿ ವಿದೇಶೀ ವೈದ್ಯರು ದೇಶ ಬಿಟ್ಟರು, ಔಷಧಿ ಸಿಗದಾಯಿತು. ಆ ಕಷ್ಟದ ವರ್ಷಗಳಲ್ಲಿ ಸಂಸ್ಥೆಯ ಬಾಗಿಲು ಮುಚ್ಚದಂತೆ ನೋಡಿಕೊಂಡವರಲ್ಲಿ ಉಗಾಂಡದವರೇ ಆದ ಡಾ. ಚಾರ್ಲ್ಸ್ ಒಲ್ವೆನಿ ಪ್ರಮುಖರು. 1950ರ ದಶಕದಲ್ಲಿ ಆರಂಭವಾದ ಕಂಪಾಲಾ ಕ್ಯಾನ್ಸರ್ ನೋಂದಣಿಯು ಆಫ್ರಿಕಾದ ಹಳೆಯ ನೋಂದಣಿಗಳಲ್ಲೊಂದು. ಅದೂ ಅಶಾಂತಿಯ ಕಾಲದಲ್ಲಿ ನಿಂತುಹೋಗಿ ಮತ್ತೆ ಆರಂಭವಾಯಿತು.

2016ರಲ್ಲಿ ದೇಶದಲ್ಲಿದ್ದ ಒಂದೇ ಒಂದು ಕೋಬಾಲ್ಟ್ ವಿಕಿರಣ ಯಂತ್ರವು ದುರಸ್ತಿಗೆ ಬಾರದಂತೆ ಕೆಟ್ಟುಹೋಯಿತು. ನೈರೋಬಿಯ ಆಗಾ ಖಾನ್ ಆಸ್ಪತ್ರೆಯು 400 ಮಂದಿಗೆ ಉಚಿತ ಚಿಕಿತ್ಸೆ ಕೊಡಲು ಮುಂದಾಯಿತು. ಉಳಿದವರಲ್ಲಿ ಹಣವುಳ್ಳವರು ಹೊರದೇಶಕ್ಕೆ ಹೋದರು, ಇಲ್ಲದವರು ಕಾದರು. ಹೊಸ ಯಂತ್ರವು 2018ರ ಜನವರಿಯಲ್ಲಿ ವಿಧ್ಯುಕ್ತವಾಗಿ ಕಾರ್ಯಾರಂಭ ಮಾಡಿತು. ಅದೇ ವರ್ಷದ ಜುಲೈನಲ್ಲಿ ಭಾರತದ ಪ್ರಧಾನಿಯವರು ಈ ಸಂಸ್ಥೆಗೆ ಕ್ಯಾನ್ಸರ್ ಚಿಕಿತ್ಸಾ ಯಂತ್ರವೊಂದನ್ನು ಕೊಡುಗೆಯಾಗಿ ನೀಡುವುದಾಗಿ ಘೋಷಿಸಿದರು.

ಕಾರಣಗಳು

ಉಗಾಂಡದ ಕ್ಯಾನ್ಸರುಗಳಲ್ಲಿ ದೊಡ್ಡ ಪಾಲು ಸೋಂಕಿನಿಂದ ಬರುವಂಥವು. ಮಹಿಳೆಯರಲ್ಲಿ ಅತಿ ಹೆಚ್ಚಾಗಿರುವ ಗರ್ಭಕಂಠದ ಕ್ಯಾನ್ಸರಿಗೆ ಹ್ಯೂಮನ್ ಪ್ಯಾಪಿಲೋಮಾ ವೈರಾಣು ಕಾರಣ. 2020ರ ಅಂದಾಜಿನಲ್ಲಿ ಇದೊಂದೇ ಕ್ಯಾನ್ಸರಿಗೆ ತುತ್ತಾದವರು ಏಳು ಸಾವಿರದಷ್ಟು. ಚರ್ಮದ ಮೇಲೆ ಕಪ್ಪು-ನೇರಳೆ ಬಣ್ಣದ ಗಂಟುಗಳಾಗಿ ತೋರುವ ಕಪೋಸಿ ಸಾರ್ಕೋಮಾ ಇಲ್ಲಿ ಹಿಂದಿನಿಂದಲೂ ಇದ್ದು, ಎಚ್‌ಐವಿ ಹರಡಿದ ಮೇಲೆ ಹಲವು ಪಟ್ಟು ಹೆಚ್ಚಿತು. ಯಕೃತ್ತಿನ ಕ್ಯಾನ್ಸರಿಗೆ ಹೆಪಟೈಟಿಸ್-ಬಿ ಸೋಂಕಿನ ಜೊತೆಗೆ ಅಡುಗೆಮನೆಯ ಒಂದು ಕಾರಣವೂ ಇದೆ. ಸರಿಯಾಗಿ ಒಣಗಿಸದೆ ಕೂಡಿಟ್ಟ ಮೆಕ್ಕೆಜೋಳ ಮತ್ತು ಕಡಲೆಕಾಯಿಯಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಬೇಯಿಸಿದರೂ ಅದು ಪೂರ್ತಿಯಾಗಿ ನಾಶವಾಗುವುದಿಲ್ಲ.

ತಡೆಗಟ್ಟುವಿಕೆ

ಹೆಪಟೈಟಿಸ್-ಬಿ ಲಸಿಕೆಯನ್ನು 2002ರಿಂದ ಶಿಶುಗಳಿಗೆ ನೀಡಲಾಗುತ್ತಿದೆ. ಪ್ಯಾಪಿಲೋಮಾ ಲಸಿಕೆಯನ್ನು ಮೊದಲು ಇಬಾಂಡಾ ಮತ್ತು ನಕಸೊಂಗೊಲಾ ಜಿಲ್ಲೆಗಳಲ್ಲಿ 2008ರಿಂದ ಪ್ರಾಯೋಗಿಕವಾಗಿ ಕೊಡಲಾಯಿತು. ಇಬಾಂಡಾದಲ್ಲಿ ಪ್ರಾಥಮಿಕ ಐದನೆಯ ತರಗತಿಯ ಬಾಲಕಿಯರನ್ನೂ ನಕಸೊಂಗೊಲಾದಲ್ಲಿ ಹತ್ತು ವರ್ಷ ತುಂಬಿದವರನ್ನೂ ಆರಿಸಿಕೊಳ್ಳಲಾಯಿತು. ತರಗತಿಯನ್ನು ಹಿಡಿದು ಹೋದ ಕಡೆಯೇ ಹೆಚ್ಚು ಬಾಲಕಿಯರಿಗೆ ಲಸಿಕೆ ತಲುಪಿತು. ಯಾರು ಐದನೆಯ ತರಗತಿಯಲ್ಲಿದ್ದಾರೆಂಬುದು ಊರಿಗೇ ಗೊತ್ತು, ಹುಟ್ಟಿದ ದಿನ ಹಲವರಿಗೆ ಗೊತ್ತಿಲ್ಲ. ಹಳ್ಳಿಯ ಶಾಲೆಗಳ ದಾಖಲಾತಿ ಪುಸ್ತಕವನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. 2015ರ ನವೆಂಬರಿನಲ್ಲಿ ಲಸಿಕೆಯು ದೇಶಾದ್ಯಂತ ಜಾರಿಗೆ ಬಂದಿತು. ಮೊದಲ ಚುಚ್ಚುಮದ್ದು ಪಡೆದು ಎರಡನೆಯದಕ್ಕೆ ಬಾರದವರ ಸಂಖ್ಯೆ ದೊಡ್ಡ ತೊಡಕಾಯಿತು. ಒಂದೇ ಚುಚ್ಚುಮದ್ದು ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಒಪ್ಪಿದ್ದು ಇಂಥ ದೇಶಗಳಿಗೆ ದೊಡ್ಡ ಅನುಕೂಲ.

ವಯಸ್ಕ ಮಹಿಳೆಯರಿಗೆ ಗರ್ಭಕಂಠಕ್ಕೆ ವಿನೆಗರ್ ಸವರಿ ಬಿಳಿಯಾಗುವ ಭಾಗವನ್ನು ಬರಿಗಣ್ಣಿನಿಂದ ಗುರುತಿಸುವ ಪರೀಕ್ಷೆಯುಂಟು. ಪ್ರಯೋಗಾಲಯ ಬೇಕಿಲ್ಲದ ಈ ವಿಧಾನವು ಸಾವಿನ ಪ್ರಮಾಣವನ್ನು ಇಳಿಸುತ್ತದೆಂದು ತೋರಿಸಿದ್ದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ದೀರ್ಘ ಅಧ್ಯಯನ. ಆದರೂ ಉಗಾಂಡದ ಬಹುಪಾಲು ಮಹಿಳೆಯರು ಒಮ್ಮೆಯೂ ತಪಾಸಣೆಗೆ ಒಳಗಾಗಿಲ್ಲ. 2015ರಲ್ಲಿ ತಂಬಾಕು ನಿಯಂತ್ರಣ ಕಾಯಿದೆಯೂ ಬಂದಿದೆ.

ನೋವು ಶಮನ

ಗುಣವಾಗದ ರೋಗಿಗಳ ಆರೈಕೆಯಲ್ಲಿ ಉಗಾಂಡವು ಶ್ರೀಮಂತ ದೇಶಗಳೂ ಗಮನಿಸುವಂಥ ಮಾದರಿಯನ್ನು ಕಟ್ಟಿದೆ. 1993ರಲ್ಲಿ ಡಾ. ಆ್ಯನ್ ಮೆರಿಮನ್ ಸ್ಥಾಪಿಸಿದ ಹಾಸ್ಪಿಸ್ ಆಫ್ರಿಕಾ ಉಗಾಂಡ ಸಂಸ್ಥೆಯು ಮಾರ್ಫಿನ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಕುಡಿಯುವ ಔಷಧಿಯಾಗಿ ತಯಾರಿಸಿತು. ಔಷಧಿಯ ಬಲವನ್ನು ಗುರುತಿಸಲು ಬೇರೆ ಬೇರೆ ಬಣ್ಣ ಸೇರಿಸಲಾಗುತ್ತದೆ. ವೈದ್ಯರ ಕೊರತೆಯಿದ್ದುದರಿಂದ 2004ರಲ್ಲಿ ನಿಯಮ ತಿದ್ದಿ, ವಿಶೇಷ ತರಬೇತಿ ಪಡೆದ ದಾದಿಯರಿಗೂ ಮಾರ್ಫಿನ್ ಬರೆದುಕೊಡುವ ಅಧಿಕಾರ ನೀಡಲಾಯಿತು. ರೋಗಿಗಳಿಗೆ ಇದು ಉಚಿತವಾಗಿ ದೊರೆಯುತ್ತದೆ.