ಬಂಕಿನ ಕೆಳಗಿನ ನೀರು

ಪೆಟ್ರೋಲ್ ಬಂಕಿನಲ್ಲಿ ನೆಲದಡಿಯ ಟ್ಯಾಂಕಿನ ಮುಚ್ಚಳ ತೆಗೆದು ಉದ್ದನೆಯ ಡಿಪ್ ರಾಡ್ ಇಳಿಸುವುದನ್ನು ನೋಡಿರುತ್ತೀರಿ. ಮಾರಿದ್ದು ಕಳೆದು ಉಳಿಯಬೇಕಾದಷ್ಟು ಉಳಿದಿದೆಯೇ ಎಂಬ ಲೆಕ್ಕ ಅದು. ಸೋರಿಕೆ ಪತ್ತೆಹಚ್ಚುವ ವಿದ್ಯೆ ಬಹುಕಾಲ ಇದಕ್ಕಿಂತ ಮುಂದೆ ಹೋಗಿರಲಿಲ್ಲ. ರಾಡಿಗೆ ಸಿಗದ ಸಣ್ಣ ಸೋರಿಕೆ, ಯಾರದೋ ಬಾವಿ ನೀರು ಎಣ್ಣೆ ನಾತ ಹೊಡೆದಾಗಲೇ ಗೊತ್ತಾಗುತ್ತಿತ್ತು.

ಅಮೆರಿಕದಲ್ಲಿ ಹೂತಿಟ್ಟ ಉಕ್ಕಿನ ಟ್ಯಾಂಕುಗಳು ತುಕ್ಕು ಹಿಡಿದು ತೂತಾಗತೊಡಗಿದಾಗ ಇದಕ್ಕೊಂದು ಶಾಸ್ತ್ರ ಬೇಕಾಯಿತು. 1984ರಲ್ಲಿ ಕಾನೂನು, 1988ರಲ್ಲಿ ನಿಯಮ, ಹಳೆಯ ಟ್ಯಾಂಕು ಸರಿಪಡಿಸಲು 1998ರ ಗಡುವು. ಅಲ್ಲಿ ಈವರೆಗೆ ಖಚಿತಪಟ್ಟ ಸೋರಿಕೆಗಳು ಐದು ಲಕ್ಷ ಮೀರಿವೆ. ಅಂತರ್ಜಲಕ್ಕೆ ಎಣ್ಣೆ ಸೇರಿದೆಯೇ ಎಂದು ನೋಡುವ ವೀಕ್ಷಣಾ ಬಾವಿಗಳು ಎಲ್ಲೆಡೆ ಬಂದವು: ಕೆಳಭಾಗದಲ್ಲಿ ಸಣ್ಣ ಸೀಳುಗಳಿರುವ ಪಿವಿಸಿ ಪೈಪು, ಮೇಲೊಂದು ಬೀಗದ ಮುಚ್ಚಳ.

ಬಾವಿ ತೋಡಿದ್ದು ಸುಲಭದ ಭಾಗ. ಪರೀಕ್ಷೆಗೆ ಅದರಿಂದ ನೀರು ತೆಗೆಯುವುದನ್ನು ಕಲಿಯಲು ವರ್ಷಗಳೇ ಹಿಡಿದವು. ಹಗ್ಗ ಕಟ್ಟಿದ ಕೊಳವೆ ಇಳಿಬಿಟ್ಟು ಮೇಲೆಳೆದರೆ ಕೆಸರು ಕದಡುತ್ತದೆ, ಪೆಟ್ರೋಲಿನಿಂದ ನೀರಿಗೆ ಸೇರಿದ ಬೆಂಜೀನ್ ಗಾಳಿಗೆ ಹಾರಿಹೋಗುತ್ತದೆ. ಆಮೇಲೆ ಪ್ರಯೋಗಾಲಯ ಎಷ್ಟೇ ದೊಡ್ಡದಿದ್ದರೇನು? 1990ರ ದಶಕದ ನಡುವಿನಿಂದ ನಿಮಿಷಕ್ಕೆ ಅರ್ಧ ಲೀಟರಿಗೂ ಕಡಿಮೆ ವೇಗದಲ್ಲಿ ಪಂಪ್ ಮಾಡುವ ಕ್ರಮ ನೆಲೆಯೂರಿತು. 40 ಮಿ.ಲೀ. ಗಾಜಿನ ಸೀಸೆಯನ್ನು ತುಳುಕುವಂತೆ ತುಂಬಿ, ಮುಚ್ಚಿ, ತಲೆಕೆಳಗು ಮಾಡಿ ಬೆರಳಲ್ಲಿ ತಟ್ಟಿ ನೋಡುತ್ತಾರೆ. ಒಂದು ಗುಳ್ಳೆ ಎದ್ದರೂ ಆ ನೀರು ಚೆಲ್ಲಿ ಮತ್ತೆ ತುಂಬಬೇಕು. ಕುಡಿಯುವ ನೀರಿನಲ್ಲಿ ಬೆಂಜೀನಿಗೆ ಅಮೆರಿಕದ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಅಷ್ಟು ಅಲ್ಪವನ್ನು ಗುಳ್ಳೆಯೇ ಕದ್ದೊಯ್ಯಬಲ್ಲದು.

ಇಷ್ಟರಲ್ಲಿ ಪ್ರಶ್ನೆಯೇ ಬದಲಾಗಿತ್ತು: ಎಣ್ಣೆ ಸೋರಿದೆಯೇ ಎಂಬುದರ ಜತೆಗೆ, ಸೋರಿದ ಎಣ್ಣೆ ನೆಲದಡಿ ಏನಾಗುತ್ತದೆ ಎಂಬುದೂ ಸೇರಿತು. 1979ರ ಆಗಸ್ಟ್‌ನಲ್ಲಿ ಮಿನೆಸೋಟದ ಬೆಮಿಜಿ ಬಳಿ ಪೈಪ್‌ಲೈನ್ ಒಡೆದು ಸುಮಾರು 17 ಲಕ್ಷ ಲೀಟರ್ ಕಚ್ಚಾತೈಲ ಚೆಲ್ಲಿತು. ಬಳಿದು ತೆಗೆದು ಉಳಿದದ್ದು ನೆಲದಲ್ಲೇ ಇತ್ತು. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆ 1983ರಿಂದ ಆ ಜಾಗವನ್ನೇ ತೆರೆದ ಪ್ರಯೋಗಾಲಯ ಮಾಡಿಕೊಂಡಿತು. ಎಣ್ಣೆಯ ಜತೆಗೆ ಆಮ್ಲಜನಕ, ಕಬ್ಬಿಣ, ಮೀಥೇನ್‌ಗಳನ್ನೂ ಅಳೆದರು. ಸೂಕ್ಷ್ಮಜೀವಿಗಳು ಎಣ್ಣೆ ತಿನ್ನುತ್ತಿರುವುದರ ಗುರುತು ಅವು. ಕ್ಯಾಲಿಫೋರ್ನಿಯದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ 1995ರ ವರದಿಯೂ ಬೆಂಜೀನಿನ ಜಾಡು ಟ್ಯಾಂಕಿನಿಂದ 250 ಅಡಿ ದಾಟುವುದೇ ಅಪರೂಪ ಎಂದಿತು. ಎಲ್ಲರೂ ನಿಟ್ಟುಸಿರು ಬಿಟ್ಟರು.

ಸ್ವಲ್ಪ ಬೇಗನೇ ಬಿಟ್ಟರು. ಹೊಗೆ ಕಡಿಮೆಯಾಗಲೆಂದು ಪೆಟ್ರೋಲಿಗೆ ಬೆರೆಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕ ನೀರಿನಲ್ಲಿ ಸರಾಗ ಕರಗುತ್ತದೆ, ಮಣ್ಣಿಗೆ ಅಂಟುವುದಿಲ್ಲ, ಸೂಕ್ಷ್ಮಜೀವಿಗಳಿಗೂ ಸುಲಭದ ತುತ್ತಲ್ಲ. ಬೆಂಜೀನ್ ನಿಂತ ಮೇಲೂ ಅದು ಮುಂದೆ ಹೋಗುತ್ತದೆ. ಕ್ಯಾಲಿಫೋರ್ನಿಯದ ಸಾಂಟಾ ಮೋನಿಕಾ ನಗರದ ಬಾವಿಗಳಲ್ಲಿ ಅದು ಕಂಡು, 1996ರೊಳಗೆ ನಗರದ ಅರ್ಧದಷ್ಟು ನೀರಿನ ಮೂಲವನ್ನೇ ಮುಚ್ಚಬೇಕಾಯಿತು. ಮಳೆನೀರು ಮೇಲಿಂದ ಒತ್ತಿದಂತೆ ಈ ಜಾಡು ಆಳಕ್ಕೆ ಮುಳುಗುವುದೂ ಉಂಟು. ಆಗ ಮೇಲ್ಮಟ್ಟದಲ್ಲಷ್ಟೇ ಸೀಳಿರುವ ಬಾವಿ ಶುದ್ಧ ನೀರನ್ನೇ ಕೊಡುತ್ತಿರುತ್ತದೆ. ಒಂದೇ ರಂಧ್ರದಲ್ಲಿ ಹಲವು ಆಳಗಳಿಂದ ಬೇರೆಬೇರೆಯಾಗಿ ನೀರು ತೆಗೆಯುವ ವ್ಯವಸ್ಥೆಗೆ ಬೆಲೆ ಬಂದದ್ದು ಇದಕ್ಕೇ.

ಇಷ್ಟಾದರೂ ಮೂಗಿನ ಕೆಲಸ ಮುಗಿದಿಲ್ಲ. ಹವಾಯಿಯ ರೆಡ್ ಹಿಲ್‌ನಲ್ಲಿ ನೌಕಾಪಡೆಯ ಬೃಹತ್ ಟ್ಯಾಂಕುಗಳು ಅಂತರ್ಜಲಕ್ಕಿಂತ ಕೇವಲ ನೂರಡಿ ಮೇಲಿದ್ದವು. ಸುತ್ತ ವೀಕ್ಷಣಾ ಬಾವಿಗಳಿದ್ದವು. 2021ರ ನವೆಂಬರ್‌ನಲ್ಲಿ ವಿಮಾನದ ಇಂಧನ ಕುಡಿಯುವ ನೀರಿಗೆ ಸೇರಿದ್ದು ಬಯಲಾದದ್ದು ಮಾತ್ರ ನಲ್ಲಿ ನೀರು ನಾರುತ್ತಿದೆ ಎಂದು ಜನ ದೂರಿದಾಗ. 2013ರಲ್ಲಿ ಚೆನ್ನೈನ ತಂಡಿಯಾರ್‌ಪೇಟೆಯಲ್ಲೂ ಬೋರ್‌ವೆಲ್‌ನಲ್ಲಿ ಎಣ್ಣೆ ಬಂದದ್ದನ್ನು ಮೊದಲು ಕಂಡವರು ಅಲ್ಲಿನ ನಿವಾಸಿಗಳೇ.

ಬೆಮಿಜಿಯದು ಮರಳು ನೆಲ. ನೀರು ಹೋಗುವ ದಿಕ್ಕನ್ನು ಅಲ್ಲಿ ಹೆಚ್ಚುಕಡಿಮೆ ಊಹಿಸಬಹುದು. ನಮ್ಮ ಬಯಲುಸೀಮೆಯ ಗಟ್ಟಿ ಶಿಲೆಯಲ್ಲಿ ನೀರು ಬಿರುಕು ಹಿಡಿದು ಹರಿಯುತ್ತದೆ. ಒಂದು ಬೋರಿನಲ್ಲಿ ಎರಡಿಂಚು ನೀರು, ಪಕ್ಕದ ಬೋರಿನಲ್ಲಿ ಬರೀ ಧೂಳು, ಇದು ರೈತರಿಗೆಲ್ಲ ಗೊತ್ತು. ಎಣ್ಣೆಯೂ ಅದೇ ಬಿರುಕಲ್ಲಿ ಹೋಗುತ್ತದೆ. ಬಂಕಿನ ಮೂಲೆಯ ಬಾವಿಯ ನೀರು ಶುದ್ಧ ಎಂದು ವರದಿ ಬಂದರೆ, ಆ ಬಾವಿ ಬಿರುಕಿಗೆ ಸಿಕ್ಕಿದೆಯೇ ಎಂದು ಮೊದಲು ಕೇಳಬೇಕು.